ಲೋಟದ ಅಂಚಿಗೆ ಸಿಕ್ಕಿಸಿದ ನಿಂಬೆ

ಸ್ವಲ್ಪ ಜೋರಾದ ಹೋಟೆಲಿನಲ್ಲಿ ಲೈಮ್ ಸೋಡಾ ಹೇಳಿದರೆ ಲೋಟದ ಅಂಚಿಗೆ ನಿಂಬೆಯದೊಂದು ಬಿಲ್ಲೆ ಸಿಕ್ಕಿಸಿ ತಂದಿಡುತ್ತಾರೆ. ಅದನ್ನು ಏನು ಮಾಡುವುದೆಂದು ಕೂತವರಿಗೆ ತಿಳಿಯುವುದಿಲ್ಲ. ಹಿಂಡಲು ಹೋದರೆ ರಸ ಬೆರಳ ಸಂದಿಗೆ ಇಳಿಯುತ್ತದೆ, ಲೋಟಕ್ಕೆ ಬೀಳುವುದಿಲ್ಲ. ಹಾಗೇ ಬಿಟ್ಟರೆ ಕುಡಿಯುವಾಗ ಕೆನ್ನೆಗೆ ತಾಗುತ್ತದೆ. ಕೊನೆಗೆ ಹೆಚ್ಚಿನವರು ತೆಗೆದು ತಟ್ಟೆಯ ಮೂಲೆಗೆ ಸರಿಸುತ್ತಾರೆ. ಜೊತೆಗೆ ಬಂದ ಮಗು ಅದನ್ನು ಚೀಪಿ ಮುಖ ಕಿವುಚುತ್ತದೆ. ಬೆಳಿಗ್ಗೆ ಕೊರೆದು ಡಬ್ಬಿಯಲ್ಲಿ ಇಟ್ಟ, ಸಂಜೆ ಹೊತ್ತಿಗೆ ಅಂಚು ಒಣಗಿದ ಬಿಲ್ಲೆ ಅದು. ನೋಡಲು ಹಸಿರು. ಮೂಸಿದರೆ ಫ್ರಿಜ್ಜಿನ ವಾಸನೆ.

ಅಲಂಕಾರವೇ ಬೇಡ ಎನ್ನುವ ಪೈಕಿಯವನಲ್ಲ ನಾನು. ಆದರೆ ಶರಬತ್ತಿಗೋ ಕೋಸಂಬರಿಗೋ ಪಾಯಸಕ್ಕೋ ಮೇಲಿಂದ ಏನಾದರೂ ಇಡುವುದಾದರೆ ಅದು ತನ್ನ ಕೂಲಿ ದುಡಿಯಬೇಕು. ನಿಂಬೆ, ಕಿತ್ತಳೆಯ ಕುಲದ ಹಣ್ಣುಗಳಲ್ಲಿ ಹಾಗೆ ದುಡಿಯುವುದು ಸಿಪ್ಪೆ. ಹುಳಿ ನಾಲಿಗೆಗೆ ಸಂಬಂಧಪಟ್ಟದ್ದು, ಅದನ್ನು ರಸ ನೋಡಿಕೊಳ್ಳುತ್ತದೆ. ಪರಿಮಳ ಮೂಗಿಗೆ ಸಂಬಂಧಪಟ್ಟದ್ದು, ಅದು ಸಿಪ್ಪೆಯ ಎಣ್ಣೆಯಲ್ಲಿದೆ. ಸಾರಿಗೆ ಒಗ್ಗರಣೆ ಕೊಡುವ ಲೆಕ್ಕವೇ ಇಲ್ಲೂ: ಎಣ್ಣೆಯಲ್ಲಿ ಕೂತ ಘಮವನ್ನು, ಉಳಿದದ್ದೆಲ್ಲ ಆದ ಮೇಲೆ, ಬಡಿಸುವ ಹೊತ್ತಿಗೆ, ಮೇಲಿಂದ ಬೀಳಿಸಬೇಕು. ಬೆಳಿಗ್ಗೆಯೇ ಒಗ್ಗರಣೆ ಮಾಡಿಟ್ಟು ರಾತ್ರಿಯ ಸಾರಿಗೆ ಸುರಿಯುವವರು ಯಾರಾದರೂ ಇದ್ದಾರೆಯೇ? ಬೆಳಿಗ್ಗೆ ಕೊರೆದಿಟ್ಟ ಬಿಲ್ಲೆಯ ಮೇಲೆ ನನಗಿರುವ ತಕರಾರು ಇಷ್ಟೇ.

ಈ ಎಣ್ಣೆಯ ಪರಿಚಯ ನಮಗೆಲ್ಲ ಪ್ರೈಮರಿ ಶಾಲೆಯಲ್ಲೇ ಆಗಿದೆ. ಕಿತ್ತಳೆ ಸಿಪ್ಪೆಯನ್ನು ಮಡಚಿ ಪಕ್ಕದವನ ಕಣ್ಣಿಗೆ ಚಿಮ್ಮಿಸಿ ಓಡಿದವರು, ಚಿಮ್ಮಿಸಿಕೊಂಡು ಅತ್ತವರು, ಎರಡರಲ್ಲಿ ಒಂದು ಗುಂಪಿಗೆ ಎಲ್ಲರೂ ಸೇರಿರುತ್ತಾರೆ. ಕಣ್ಣು ಉರಿಸಿದ್ದು ರಸವಲ್ಲ. ಸಿಪ್ಪೆಯ ಬಣ್ಣದ ಹೊರಪದರದಲ್ಲಿ ಬರಿಗಣ್ಣಿಗೂ ಚುಕ್ಕಿಚುಕ್ಕಿಯಾಗಿ ಕಾಣುವ ಪುಟ್ಟ ಚೀಲಗಳಿವೆ; ಮಡಚಿದಾಗ ಅವು ಒಡೆದು ಎಣ್ಣೆ ಹೊರಗೆ ಹಾರುತ್ತದೆ. ಕಿತ್ತಳೆಯ ಎಣ್ಣೆಯಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ಲಿಮೊನೀನ್ ಎಂಬ ಒಂದೇ ವಸ್ತು. ಅದನ್ನು ಉಬ್ಬಿದ ಬಲೂನಿನ ಮೇಲೆ ಚಿಮ್ಮಿಸಿದರೆ ರಬ್ಬರನ್ನು ತಿಂದು ಬಲೂನು ಟಪ್ಪೆಂದು ಒಡೆಯುತ್ತದೆ, ಹುಟ್ಟುಹಬ್ಬಕ್ಕೆ ಬಂದ ಮಕ್ಕಳೆದುರು ಮಾಡಿ ತೋರಿಸಬಹುದು. ನಿಂಬೆಯ ಎಣ್ಣೆಯಲ್ಲೂ ಲಿಮೊನೀನ್ ಇದೆ, ಆದರೆ ಮೂಗು ಅದನ್ನು ನಿಂಬೆ ಎಂದು ಗುರುತಿಸುವುದು ಸಣ್ಣ ಪಾಲಿನಲ್ಲಿರುವ ಸಿಟ್ರಾಲ್‌ನಿಂದ. ಮಜ್ಜಿಗೆಹುಲ್ಲಿನಲ್ಲಿ ಇರುವುದೂ ಇದೇ ಸಿಟ್ರಾಲ್. ಕಷಾಯಕ್ಕೆ ಆ ಹುಲ್ಲು ಹಾಕಿದಾಗ ನಿಂಬೆಯನ್ನೇ ಹಾಕಿದಂತೆ ಅನ್ನಿಸುವುದಕ್ಕೆ ಕಾರಣ ಅದು.

ಬಣ್ಣದ ಪದರದ ಕೆಳಗೆ ಬಿಳಿ ಪದರವಿದೆ. ಅಲ್ಲಿ ಎಣ್ಣೆಯಿಲ್ಲ, ಬಹುತೇಕ ಹಣ್ಣುಗಳಲ್ಲಿ ಕಹಿ ಮಾತ್ರ ಇದೆ. ಅಲ್ಲಿಗೆ ಮನೆಯಲ್ಲಿ ಮಾಡಬೇಕಾದ ಕೆಲಸ ಅರ್ಧ ಸ್ಪಷ್ಟವಾಯಿತು. ಬಣ್ಣ ಬೇಕು, ಬಿಳಿ ಬೇಡ, ಚೀಲಗಳು ಒಡೆಯಬೇಕಾದದ್ದು ತಿನ್ನುವವರ, ಕುಡಿಯುವವರ ಎದುರಿನಲ್ಲಿ, ಹೆಚ್ಚುವ ಮಣೆಯ ಮೇಲಲ್ಲ.

ಒಮ್ಮೆ ಹೀಗೆ ಮಾಡಿ ನೋಡಿ. ದಪ್ಪ ಸಿಪ್ಪೆಯ ಗಜನಿಂಬೆಯೊಂದನ್ನು ತೊಳೆದು ಚೆನ್ನಾಗಿ ಒರೆಸಿ. ಒದ್ದೆ ಹಣ್ಣಿನ ಮೇಲೆ ಪೀಲರ್ ಜಾರುತ್ತದೆ. ಆಲೂಗಡ್ಡೆ ಹೆರೆಯುವ ಪೀಲರ್ ಸಾಕು. ತೊಟ್ಟಿನಿಂದ ತುದಿಗೆ ಒಂದೇ ಎಳೆತ, ಎರಡು ಬೆರಳಗಲ, ಹೆಚ್ಚು ಒತ್ತದೆ. ಪಟ್ಟಿಯನ್ನು ತಿರುಗಿಸಿ ನೋಡಿದರೆ ಒಳಮೈಯಲ್ಲಿ ಚುಕ್ಕಿಗಳು ಕಾಣಬೇಕು. ಬರೀ ಬಿಳುಪು ಕಂಡರೆ ಒತ್ತಿದ್ದು ಜಾಸ್ತಿಯಾಯಿತು. ಮಣೆಯ ಮೇಲೆ ಅಂಗಾತ ಇಟ್ಟು ಚಾಕುವನ್ನು ಮಲಗಿಸಿ ಬಿಳಿಯನ್ನು ಹೆರೆದುಬಿಡಿ. ಇನ್ನು ಕಿಟಕಿಯ ಬಿಸಿಲಿಗೆ ಎದುರಾಗಿ ನಿಂತು, ಸೋಡಾ ತುಂಬಿದ ಲೋಟದ ಮೇಲೆ ಪಟ್ಟಿಯ ಬಣ್ಣದ ಮುಖ ಕೆಳಗೆ ಬರುವಂತೆ ಹಿಡಿದು, ಎರಡೂ ಕೈಯ ಹೆಬ್ಬೆರಳು ತೋರುಬೆರಳಿನಿಂದ ಉದ್ದಕ್ಕೆ ಮಡಚಿ ಒತ್ತಿ. ಬೆಳಕಿನಲ್ಲಿ ಒಂದು ಸಣ್ಣ ಮಂಜು ಎದ್ದು ಲೋಟದೊಳಗೆ ಇಳಿಯುವುದು ಕಾಣುತ್ತದೆ. ಸೋಡಾದ ಮೇಲೆ ಎಣ್ಣೆಯ ತೆಳು ಹೊಳಪು ಹರಡುತ್ತದೆ. ಎಣ್ಣೆ ನೀರಲ್ಲಿ ಬೆರೆಯುವುದಿಲ್ಲವಲ್ಲ, ತೇಲುತ್ತದೆ. ಗುಳ್ಳೆಗಳು ಮೇಲೆ ಬಂದು ಒಡೆಯುವಾಗ ಅದನ್ನು ಗಾಳಿಗೆ ಎಸೆಯುತ್ತವೆ. ಲೋಟ ಬಾಯಿಗೆ ಹೋಗುವ ಮುಂಚೆಯೇ ಮೂಗಿಗೆ ಸುದ್ದಿ ಮುಟ್ಟಿರುತ್ತದೆ. ಕೊನೆಗೆ ಪಟ್ಟಿಯ ಬಣ್ಣದ ಮುಖವನ್ನು ಲೋಟದ ಅಂಚಿಗೆ ಒಮ್ಮೆ ಸವರಿ, ನುಲಿದು ಒಳಗೆ ಬಿಟ್ಟರೆ ಮುಗಿಯಿತು. ಬಿಡದೆ ಬಿಸಾಕಿದರೂ ನಷ್ಟವಿಲ್ಲ. ನೂಲಿನಂಥ ಸುರುಳಿ, ಗುಲಾಬಿ, ಚಿಟ್ಟೆ ಎಂದು ಮೊಬೈಲಿನಲ್ಲಿ ತೋರಿಸುವವೆಲ್ಲ ಇದರ ಮುಂದಿನ ಮಾತು. ಮೊದಲು ಮಂಜು.

ಆ ವಿಡಿಯೊಗಳನ್ನು ನೋಡಿ ನಮ್ಮ ಸಂತೆಯ ನಿಂಬೆಹಣ್ಣಿನ ಮೇಲೆ ಪೀಲರ್ ಎಳೆದವರಿಗೆ ಬೇಸರವಾಗುವುದು ಖಂಡಿತ. ಅವರ ಕೈಯಲ್ಲಿರುವುದು ಹಳದಿ ಲೆಮನ್, ಉದ್ದ, ದಪ್ಪ ಸಿಪ್ಪೆ. ನಮ್ಮಲ್ಲಿ ಇಂಡಿಯಿಂದಲೋ ಆಂಧ್ರದಿಂದಲೋ ಬಂದು ಗುಡ್ಡೆ ಹಾಕಿ ಮಾರಾಟವಾಗುವುದು ಕಾಗ್ಜಿ ನಿಂಬೆ. ಗುಂಡಗೆ, ಸಣ್ಣಗೆ, ಸಿಪ್ಪೆ ತೀರಾ ತೆಳು. ಪೀಲರ್ ತಾಗಿಸಿದರೆ ತೊಳೆಯೇ ಹರಿದು ರಸ ಸೋರುತ್ತದೆ. ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಬೆಳೆಗಾರರು ಬಿರುಬಿಸಿಲಿನಲ್ಲಿ ಬೆಳೆಯುವ ಈ ಹಣ್ಣಿಗೆ ಪರಿಮಳದಲ್ಲಿ ಏನೂ ಕೊರತೆಯಿಲ್ಲ. ಕೊರತೆ ಇರುವುದು ನಾವು ಬೇರೆ ಹಣ್ಣಿನ ವಿದ್ಯೆಯನ್ನು ಇದರ ಮೇಲೆ ಹೇರುವುದರಲ್ಲಿ. ಕಾಗ್ಜಿ ನಿಂಬೆಗೆ ಎರಡು ದಾರಿ ಇವೆ. ಚೂಪಾದ ಸಣ್ಣ ಚಾಕುವಿನಿಂದ ಹಣ್ಣಿನ ಹೆಗಲ ಮೇಲೆ ಎಂಟಾಣೆ ನಾಣ್ಯದಷ್ಟು ಒಂದು ಚಕ್ಕೆ ಎತ್ತಿ, ಅದನ್ನು ಲೋಟದ ಮೇಲೆ ಚಿವುಟುವುದು ಒಂದು. ನವಿರಾದ ತುರಿಮಣೆಯಲ್ಲಿ ಹಣ್ಣನ್ನು ಹಗುರವಾಗಿ ಉಜ್ಜಿ, ಹಸಿರು ಹೋಗಿ ಬಿಳಿ ಕಾಣುತ್ತಿದ್ದಂತೆ ಹಣ್ಣನ್ನು ತಿರುಗಿಸುತ್ತ ತುರಿ ತೆಗೆಯುವುದು ಇನ್ನೊಂದು. ಎರಡಕ್ಕೂ ತೀರಾ ಹಳದಿಯಾದ ಹಣ್ಣಿಗಿಂತ ಹಸಿರು ಇನ್ನೂ ಬಿಡದ ಹಣ್ಣು ಮೇಲು. ರಸಕ್ಕೆ ಆರಿಸುವಾಗ ಮೆತ್ತಗಿರುವುದನ್ನು ಹುಡುಕುವ ಕೈ, ಸಿಪ್ಪೆಗೆ ಆರಿಸುವಾಗ ಗಟ್ಟಿಯಾದದ್ದನ್ನು ಹುಡುಕಬೇಕು.

ತುರಿಮಣೆ ಅಂದೆನಲ್ಲ, ಈಗ ಎಲ್ಲರ ಅಡುಗೆಮನೆಗೂ ಬರುತ್ತಿರುವ ಉದ್ದ ಪಟ್ಟಿಯಂಥ ನವಿರು ತುರಿಮಣೆಯ ಕಥೆ ಮಜವಾಗಿದೆ. ಮೈಕ್ರೋಪ್ಲೇನ್ ಕಂಪನಿಯವರು ಮೊದಲು ಅದನ್ನು ಮಾರಿದ್ದು ಬಡಗಿಗಳಿಗೆ, ಮರ ಉಜ್ಜುವ ಅರ ಎಂದು. 1990ರ ದಶಕದಲ್ಲಿ ಕೆನಡಾದ ಒಟ್ಟಾವದಲ್ಲಿ ಮರಗೆಲಸದ ಸಲಕರಣೆ ಮಾರುವ ವ್ಯಾಪಾರಿಯೊಬ್ಬರ ಹೆಂಡತಿ, ಕೇಕಿಗೆ ಕಿತ್ತಳೆ ಸಿಪ್ಪೆ ತುರಿಯಲು ಮನೆಯ ಹಳೆಯ ತುರಿಮಣೆಯೊಡನೆ ಹೆಣಗಿ ಸಾಕಾಗಿ, ಗಂಡ ತಂದಿಟ್ಟಿದ್ದ ಆ ಅರದ ಮೇಲೆ ಹಣ್ಣು ಉಜ್ಜಿದರು. ಸಿಪ್ಪೆ ಹೂವಾಗಿ ಉದುರಿತು. ಆಮೇಲೆ ಅಂಗಡಿಯ ಪಟ್ಟಿಯಲ್ಲಿ ಅದರ ವಿವರಣೆಯೇ ಬದಲಾಯಿತು. ಹೆಂಗಸರ ಕೈಗೆ ಸಿಕ್ಕಿದರೆ ಬಡಗಿಯ ಅರವೂ ಅಡುಗೆಯ ಸಾಮಾನಾಗುತ್ತದೆ. ನಮ್ಮ ಮನೆಯಲ್ಲಿ ಇದು ಬರುವ ಮೊದಲು ಜಾಯಿಕಾಯಿ ತೇಯುವ ಪುಟ್ಟ ತುರಿಯುವ ತಗಡಿನಲ್ಲೇ ನಿಂಬೆ ಸಿಪ್ಪೆಯ ಕೆಲಸ ನಡೆಯುತ್ತಿತ್ತು. ಈಗಲೂ ನಡೆಯುತ್ತದೆ. ಕೊಬ್ಬರಿ ತುರಿಯುವ ದೊಡ್ಡ ಹಲ್ಲಿನದು ಮಾತ್ರ ಬೇಡ, ಬಿಳಿಯನ್ನೆಲ್ಲ ಕಿತ್ತು ತರುತ್ತದೆ.

ಕಿತ್ತಳೆಯ ವಿಷಯ ಬೇರೆ. ಕೊಡಗಿನ ಕಿತ್ತಳೆ ಆಗಲಿ, ನಾಗಪುರದ ಸಂತ್ರಾ ಆಗಲಿ, ಸಿಪ್ಪೆ ಸಡಿಲ. ತೊಳೆಗೂ ಸಿಪ್ಪೆಗೂ ನಡುವೆ ಗಾಳಿ ಆಡುತ್ತದೆ. ಪೀಲರ್ ಹಿಡಿತ ಸಿಗದೆ ಜಾರುತ್ತದೆ. ಆದರೆ ಪೀಲರ್ ಯಾಕೆ ಬೇಕು? ಕೈಯಲ್ಲೇ ಸುಲಿದು, ಬಿಳಿ ನಾರು ಉಜ್ಜಿ ತೆಗೆದು, ಕತ್ತರಿಯಲ್ಲಿ ಬೇಕಾದ ಆಕಾರಕ್ಕೆ ಕತ್ತರಿಸಬಹುದು. ಬಿಳಿ ಪದರ ಇವುಗಳಲ್ಲಿ ಹೇಗೂ ತೆಳು, ಕಹಿ ಕಡಿಮೆ. ಕಾಫಿ ತೋಟದ ನೆರಳಿನಲ್ಲಿ ಬೆಳೆಯುವ ಕೊಡಗಿನ ಕಿತ್ತಳೆ ಚಳಿಗಾಲದಲ್ಲಿ ಮಾರುಕಟ್ಟೆಗೆ ಬಂದಾಗ ನೋಡಲು ಮಂಕು, ಅಲ್ಲಲ್ಲಿ ಹಸಿರು, ಕಪ್ಪು ಕಲೆ. ಸೂಪರ್ ಮಾರ್ಕೆಟ್ಟಿನ ಥಳಥಳ ಹೊಳೆಯುವ ವಿದೇಶಿ ಕಿತ್ತಳೆಯ ಪಕ್ಕ ಇಟ್ಟರೆ ಯಾರೂ ಮುಟ್ಟುವುದಿಲ್ಲ. ಸಿಪ್ಪೆ ಬಳಸುವವರು ಮಾತ್ರ ಆ ಮಂಕು ಹಣ್ಣನ್ನೇ ಕೊಳ್ಳಬೇಕು. ದೂರದಿಂದ ಹಡಗಿನಲ್ಲಿ ಬರುವ ಹಣ್ಣಿಗೆ ತೇವ ಆರದಂತೆ ಮೇಣ ಬಳಿದಿರುತ್ತಾರೆ, ಬೂಷ್ಟು ಹಿಡಿಯದಂತೆ ಔಷಧಿಯನ್ನೂ ಹಾಕಿರುತ್ತಾರೆ. ಅದೊಂದೇ ಸಿಕ್ಕಿದರೆ ಬಿಸಿನೀರಿನಲ್ಲಿ ಬ್ರಷ್ ಹಾಕಿ ತಿಕ್ಕಿ ಒರೆಸಿ ಬಳಸಿ. ಮೇಣ ಬಹಳಷ್ಟು ಹೋಗುತ್ತದೆ, ಔಷಧಿ ಪೂರ್ತಿ ಹೋಗುತ್ತದೆಂದು ನಾನು ಹೇಳಲಾರೆ. ಕೊಡಗಿನಲ್ಲಿ ಕಿತ್ತಳೆ ಬೆಳೆಯೇ ಕಡಿಮೆಯಾಗುತ್ತ ಬಂದಿದೆ. ಗ್ರೀನಿಂಗ್ ರೋಗ ಬಿದ್ದ ಗಿಡ ಎಲೆ ಹಳದಿಯಾಗಿ ನಿಧಾನಕ್ಕೆ ಸಾಯುತ್ತದೆ, ಅದಕ್ಕೆ ಮದ್ದಿಲ್ಲ. ಸಿಕ್ಕಾಗ ಕೊಳ್ಳುವುದು, ಸುಲಿದ ಸಿಪ್ಪೆಯನ್ನು ಒಂದು ಡಬ್ಬಿಗೆ ತುಂಬಿ ಫ್ರೀಜರಿಗೆ ಹಾಕುವುದು ನಮ್ಮ ಮನೆಯ ಪದ್ಧತಿ. ಗಟ್ಟಿ ಹೆಪ್ಪುಗಟ್ಟಿದ ಸಿಪ್ಪೆ ತುರಿಯಲೂ ಸುಲಭ.

ಚಕ್ಕೋತದಲ್ಲಿ ಆಟ ತಿರುಗುಮುರುಗು. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಆದರೆ ವಿಮಾನ ನಿಲ್ದಾಣ ಬಂದ ಮೇಲೆ ಆ ಸೀಮೆಯಲ್ಲಿ ತೋಟಕ್ಕಿಂತ ಸೈಟಿಗೆ ಬೆಲೆ. ಇದರ ಬಿಳಿ ಪದರ ಬೆರಳ ದಪ್ಪ, ವಿಪರೀತ ಕಹಿ. ಇಲ್ಲಿ ಕೈ ಇಡಬೇಕಾದ್ದು ತೊಳೆಗೆ. ಒಂದು ತೊಳೆಯ ಬೆನ್ನು ಸೀಳಿ, ಪೊರೆ ಬಿಡಿಸಿ, ಒಳಗಿನ ಎಸಳುಗಳನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸಿದರೆ ರಸ ಸೋರದೆ ಬಿಡಿಬಿಡಿಯಾಗಿ ಉದುರುತ್ತವೆ. ನಿಂಬೆಯಲ್ಲಿ ಇದು ಆಗದ ಮಾತು, ಅದರ ಎಸಳಿನ ಪೊರೆ ಮುಟ್ಟಿದರೆ ಒಡೆಯುತ್ತದೆ. ಚಕ್ಕೋತದ ಎಸಳು ಗಟ್ಟಿ. ಕೆಂಪು ತೊಳೆಯ ಹಣ್ಣು ಸಿಕ್ಕಿದರೆ ಹೆಸರುಬೇಳೆ ಕೋಸಂಬರಿಯ ಮೇಲೆ, ಬಡಿಸುವ ಕ್ಷಣದಲ್ಲಿ, ಒಂದು ಹಿಡಿ ಉದುರಿಸಿ ನೋಡಿ. ನಿಂಬೆ ಹಿಂಡಿದರೆ ಹುಳಿ ಎಲ್ಲಾ ಬೇಳೆಗೂ ಒಂದೇ ಸಮ ಹತ್ತುತ್ತದೆ. ಇದರಲ್ಲಿ ಒಂದು ತುತ್ತಿಗೆ ಹುಳಿ ಸಿಗುತ್ತದೆ, ಒಂದು ತುತ್ತಿಗೆ ಇಲ್ಲ, ಸಿಕ್ಕಾಗ ಹಲ್ಲಿನಡಿ ಒಡೆದು ಸಿಗುತ್ತದೆ. ಸೋಡಾದ ತಳಕ್ಕೆ ಹಾಕಿದರೆ ಗುಳ್ಳೆ ಹಿಡಿದು ಮೇಲೆ ಏಳುತ್ತವೆ, ಗುಳ್ಳೆ ಬಿಟ್ಟು ಕೆಳಗಿಳಿಯುತ್ತವೆ. ಮಕ್ಕಳು ಕುಡಿಯುವುದನ್ನೇ ಮರೆತು ನೋಡುತ್ತ ಕೂರುತ್ತಾರೆ.

ಮಾದಳದ ಹಣ್ಣು ಪೇಟೆಯಲ್ಲಿ ಸಿಗುವುದೇ ಅಪರೂಪ. ಕೊಲ್ಹಾಪುರದ ಮಹಾಲಕ್ಷ್ಮಿ ಕೈಯಲ್ಲಿ ಹಿಡಿದ ಮಾತುಲಿಂಗ ಇದೇ. ಒಳಗೆ ರಸ ಇದ್ದೂ ಇಲ್ಲದಷ್ಟು, ಪೂರ್ತಿ ಬಿಳಿ ಗಟ್ಟಿ. ಆದರೆ ಆ ಬಿಳಿ ಕಹಿಯಿಲ್ಲ. ಕಾಗದದಷ್ಟು ತೆಳ್ಳಗೆ ಸೀಳಿ, ಉಪ್ಪು ಸವರಿ ಊಟದೆಲೆಯ ಮೇಲಿಟ್ಟರೆ ಘಮವೂ ಬಂತು, ಕರುಕರು ತಿನ್ನಲೂ ಬಂತು.

ಸಿಪ್ಪೆಯಿಂದ ಲೋಟ ಸಿಂಗರಿಸುವ ಚಟ ಶುರುವಾದದ್ದು ಇವತ್ತು ನಿನ್ನೆಯಲ್ಲ. 1862ರಲ್ಲಿ ಅಮೆರಿಕದ ಜೆರ್ರಿ ಥಾಮಸ್ ಪ್ರಕಟಿಸಿದ ಪಾನೀಯಗಳ ಕೈಪಿಡಿಯಲ್ಲಿ ಕ್ರಸ್ಟಾ ಎಂಬುದೊಂದಿದೆ. ನ್ಯೂ ಆರ್ಲಿಯನ್ಸ್ ಕಡೆಯ ಬ್ರಾಂದಿ ಪಾನೀಯ ಅದು. ಅರ್ಧ ನಿಂಬೆಯ ಸಿಪ್ಪೆಯನ್ನು ತುಂಡಾಗದಂತೆ ಸುಲಿದು ಲೋಟದ ಒಳಸುತ್ತಿಗೆ ಹೊಂದಿಸಿ ಕೂರಿಸಬೇಕು, ಅಂಚಿಗೆ ಸಕ್ಕರೆ ಅಂಟಿಸಬೇಕು. ಕುಡಿಯುವವನ ಮೂಗು ಸಿಪ್ಪೆಯ ನಡುವೆಯೇ ಇಳಿಯಬೇಕು ಎಂಬ ಉಪಾಯ. ಅದೇ ಶತಮಾನದ ಕೊನೆಯ ಹೊತ್ತಿಗೆ ಹಾರ್ಸಸ್ ನೆಕ್ ಬಂತು. ಮೊದಲಿಗೆ ಅದರಲ್ಲಿ ಮದ್ಯವೇ ಇರಲಿಲ್ಲ: ಶುಂಠಿ ಸೋಡಾ, ಮಂಜುಗಡ್ಡೆ, ಮತ್ತು ಇಡೀ ನಿಂಬೆಯ ಸಿಪ್ಪೆ ಒಂದೇ ಉದ್ದ ಸುರುಳಿಯಾಗಿ ಒಳಗೆ ಸುತ್ತಿಕೊಂಡು, ತುದಿ ಲೋಟದ ಹೊರಗೆ ಇಣುಕುತ್ತ. ಮದ್ಯ ಮುಟ್ಟದ ಮನೆಗಳಲ್ಲಿ ನೆಂಟರಿಗೆ ಕೊಡಲು ಇದಕ್ಕಿಂತ ಅಂದದ ಪಾನೀಯ ನನಗೆ ಗೊತ್ತಿಲ್ಲ. ಶುಂಠಿ ಜಜ್ಜಿ ಬೆಲ್ಲ ಹಾಕಿ ಕುದಿಸಿ ಸೋಸಿ ಆರಿಸಿದ ನೀರಿಗೆ ತಣ್ಣನೆ ಸೋಡಾ, ಒಂದು ಗಜನಿಂಬೆಯ ಸುರುಳಿ. ಸುರುಳಿ ತುಂಡಾಗದಿರಲು ಪೀಲರ್ ಅಲ್ಲಾಡಬಾರದು, ಹಣ್ಣು ತಿರುಗಬೇಕು.

ಬೆಂಕಿಯ ಆಟವೂ ಒಂದಿದೆ. ಸಿಪ್ಪೆಯ ಎಣ್ಣೆ ಹೊತ್ತಿಕೊಳ್ಳುವಂಥದ್ದು; ದೀಪದ ಎದುರು ಕಿತ್ತಳೆ ಸಿಪ್ಪೆ ಚಿವುಟಿ ಚಿಟಪಟ ಕಿಡಿ ಹಾರಿಸಿ ಬೈಸಿಕೊಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನ್ಯೂಯಾರ್ಕಿನ ಡೇಲ್ ಡಿಗ್ರಾಫ್ ಎಂಬ ಬಾರ್‌ಟೆಂಡರ್ ಇದನ್ನೇ ತನ್ನ ಗುರುತಿನ ವಿದ್ಯೆ ಮಾಡಿಕೊಂಡು ಹೆಸರಾದ. ರೂಪಾಯಿ ಅಗಲದ ದಪ್ಪ ಚಕ್ಕೆ, ಅದರ ಬಣ್ಣದ ಮುಖವನ್ನು ಕಡ್ಡಿಯ ಜ್ವಾಲೆಯಲ್ಲಿ ತುಸು ಬೆಚ್ಚಗೆ ಮಾಡಿ, ಜ್ವಾಲೆಯ ಮೂಲಕ ಲೋಟದತ್ತ ಫಟ್ಟನೆ ಚಿವುಟುವುದು. ಒಂದು ಕ್ಷಣ ಕಿಡಿಮಳೆ. ಘಮ ಸ್ವಲ್ಪ ಸುಟ್ಟ ಸಕ್ಕರೆಯ ಕಡೆ ವಾಲುತ್ತದೆ. ಚೆಂದವಿದೆ, ಸುಳ್ಳೇಕೆ, ಆದರೆ ಸುಟ್ಟ ಎಣ್ಣೆಗಿಂತ ಸುಡದ ಎಣ್ಣೆಯೇ ನನಗೆ ರುಚಿ. ಮಾಡುವುದಾದರೆ ಕರ್ಟನ್ನು, ಮಕ್ಕಳು, ಸ್ಯಾನಿಟೈಸರ್ ಬಾಟ್ಲಿ ದೂರ ಇರಲಿ.

ಬೆಂಕಿ, ನಿಂಬೆ ಅಂದಮೇಲೆ ನಿಂಬೆಹಣ್ಣಿನ ದೀಪದ ಮಾತು ಬಂದೇ ಬರುತ್ತದೆ. ಮಂಗಳವಾರ, ಶುಕ್ರವಾರ ರಾಹುಕಾಲದಲ್ಲಿ ಅಮ್ಮನವರ ಗುಡಿಯ ಮುಂದೆ ಹೆಂಗಸರು ಸಾಲಾಗಿ ಕೂತಿರುತ್ತಾರೆ. ಹಣ್ಣನ್ನು ಅಡ್ಡಕ್ಕೆ ಕೊಯ್ದು, ರಸ ಹಿಂಡಿ, ಹೋಳನ್ನು ಹೆಬ್ಬೆರಳಿನಿಂದ ತಳ್ಳಿ ಒಳಗಿನದು ಹೊರಗಾಗುವಂತೆ ಮಗುಚುತ್ತಾರೆ. ಒಂದೂ ಹರಿಯುವುದಿಲ್ಲ. ಆ ಬಟ್ಟಲಿಗೆ ತುಪ್ಪ, ಬತ್ತಿ. ದೀಪ ಉರಿದು ಬಟ್ಟಲು ಕಾದಾಗ ತುಪ್ಪದ ಜೊತೆ ಸಿಪ್ಪೆಯ ಎಣ್ಣೆಯೂ ಬಿಸಿಯಾಗಿ ಗುಡಿಯ ಮುಂದೆ ಏಳುವ ಘಮ ಬೇರೆ ಎಲ್ಲೂ ಇಲ್ಲ. ದೇವಿಗೆ ನಿಂಬೆಹಣ್ಣಿನ ಹಾರ, ಹೊಸ ಗಾಡಿಯ ಚಕ್ರದಡಿ ನಿಂಬೆ, ಅಂಗಡಿ ಬಾಗಿಲಿಗೆ ಮೆಣಸಿನಕಾಯಿಯೊಡನೆ ನಿಂಬೆ. ಇಷ್ಟೆಲ್ಲ ಕಡೆ ನಿಂಬೆಯಿಂದ ಸಿಂಗರಿಸುವ ನಾವು ಊಟದ ತಟ್ಟೆಗೆ ಬಂದಾಗ ಒಂದು ಹೋಳು ಎಸೆದು ಕೈತೊಳೆದುಕೊಳ್ಳುತ್ತೇವೆ. ಅದು ತಪ್ಪೆಂದು ಹೇಳುತ್ತಿಲ್ಲ. ಮಿಲಿಟರಿ ಹೋಟೆಲಿನ ಈರುಳ್ಳಿ-ನಿಂಬೆ, ಕರಾವಳಿಯ ಮೀನೂಟದ ತಟ್ಟೆಯ ಲಿಂಬೆಹೋಳು ಹಿಂಡುವುದಕ್ಕೇ ಇರುವಂಥವು, ಯಾರಿಗೂ ಗೊಂದಲವಿಲ್ಲ. ಆದರೆ ಹೋಳನ್ನು ಬಟ್ಟಲಾಗಿಸುವ ಆ ಕೈಚಳಕ ಅಡುಗೆಮನೆಗೂ ಬರಲಿ ಎಂಬುದು ನನ್ನ ಆಸೆ. ಮಗುಚದ ಅರ್ಧ ಹೋಳಿನ ತಿರುಳನ್ನು ಚಮಚದಿಂದ ಕೆರೆದು ತೆಗೆದು, ಅದರಲ್ಲಿ ಉಪ್ಪಿನಕಾಯಿ, ಪುದೀನ ಚಟ್ನಿ, ಇಲ್ಲವೇ ಒಂದು ಗುಕ್ಕು ನಿಂಬೆ ಐಸ್ ಬಡಿಸಬಹುದು. ತಿನ್ನುವವರ ಬೆರಳು ತಾಗಿದಷ್ಟೂ ಘಮ ಬಿಡುತ್ತದೆ. ತಳ ನಿಲ್ಲಲು ಅಡಿಯಲ್ಲಿ ಒಂದು ತೆಳು ಚಕ್ಕೆ ಹೆರೆಯಬೇಕು, ತೂತಾಗದಂತೆ.

ಅಡುಗೆಯಲ್ಲಿ ಸಿಪ್ಪೆಗೆ ಇನ್ನೊಂದು ದೊಡ್ಡ ಅನುಕೂಲವಿದೆ, ಅದನ್ನು ಯಾಕೋ ಜನ ಬಳಸಿಕೊಳ್ಳುವುದಿಲ್ಲ. ರಸದಲ್ಲಿ ಹುಳಿ ಇದೆ, ಹಾಲಿಗೆ ಬಿದ್ದರೆ ಒಡೆಯುತ್ತದೆ. ಸಿಪ್ಪೆಯ ಹೊರಪದರದಲ್ಲಿ ಹುಳಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಬಾಸುಂದಿ, ಶ್ಯಾವಿಗೆ ಪಾಯಸ, ಅಕ್ಕಿ ಪಾಯಸಗಳಿಗೆ ಧೈರ್ಯವಾಗಿ ಕಿತ್ತಳೆ ಸಿಪ್ಪೆಯ ತುರಿ ಹಾಕಬಹುದು, ಬಟ್ಟಲಿಗೆ ಬಡಿಸಿದ ಮೇಲೆ, ಒಂದು ಚಿಟಿಕೆ. ಏಲಕ್ಕಿಯ ಜೊತೆ ಜಗಳವಾಡುವುದಿಲ್ಲ. ಕೇಸರಿಭಾತಿಗೂ ಹೊಂದುತ್ತದೆ, ಅದರ ತುಪ್ಪ ಎಣ್ಣೆಯ ಘಮವನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಿತ್ರಾನ್ನಕ್ಕೆ ಒಲೆ ಆರಿಸಿದ ಮೇಲೆ ರಸ ಹಿಂಡುವುದು ಎಲ್ಲರಿಗೂ ಗೊತ್ತು. ಹಿಂಡುವ ಮೊದಲು ಅದೇ ಹಣ್ಣಿನ ಸಿಪ್ಪೆಯನ್ನು ಅನ್ನದ ಮೇಲೇ ಒಂದಿಷ್ಟು ತುರಿದು ನೋಡಿ. ಹುಳಿ ಹೆಚ್ಚಾಗದೆ ನಿಂಬೆ ಹೆಚ್ಚಾಗುತ್ತದೆ. ಹೇರಳೆಕಾಯಿ ಚಿತ್ರಾನ್ನಕ್ಕೆ ಮಾತ್ರ ಈ ಕೆಲಸ ಬೇಡ, ಅದರ ಸಿಪ್ಪೆಯ ಕಹಿ ಉಪ್ಪಿನಕಾಯಿಯಲ್ಲೇ ಪಳಗಬೇಕು. ತವಾ ಮೀನು ಮಾಡುವವರು ಮೀನು ತೆಗೆದ ಬಿಸಿ ತವಾದ ಮೇಲೆಯೇ ನಿಂಬೆಯ ಹೋಳನ್ನು ಕೊಯ್ದ ಮುಖ ಕೆಳಗೆ ಮಾಡಿ ಕಂದುವವರೆಗೆ ಇಡಲಿ. ಹುಳಿಯ ಮೊನೆ ಮುರಿದು ರಸ ದಂಡಿಯಾಗಿ ಇಳಿಯುತ್ತದೆ, ತವಾದ ಮಸಾಲೆಯೂ ಒಂದಿಷ್ಟು ಅಂಟಿಕೊಂಡು ಬರುತ್ತದೆ.

ಎಲೆಯನ್ನು ಮರೆಯಬಾರದು. ಮಲೆನಾಡಿನ ಮನೆಗಳಲ್ಲಿ ನೀರುಮಜ್ಜಿಗೆಗೆ ನಿಂಬೆ ಎಲೆ ಹಾಕುತ್ತಾರೆ. ದೊಡ್ಡಮ್ಮನ ಹಿತ್ತಲಲ್ಲಿ ಗಜನಿಂಬೆಯ ಗಿಡವಿದೆ. ನಾನು ಎಲೆಗಳನ್ನು ಮಣೆಯ ಮೇಲೆ ಜೋಡಿಸಿ ಚಾಕು ತೆಗೆದುಕೊಂಡರೆ ಅವರಿಗೆ ತಡೆಯುವುದಿಲ್ಲ. “ಚಾಕು ಯಾಕೆ ಮಾರಾಯ, ಕೈಯಲ್ಲಿ ಹರಿ. ನಡುವಿನ ದಂಟು ಬಿಸಾಕು, ಅದೇ ಕಹಿ” ಅನ್ನುತ್ತಾರೆ. ಅವರ ಕೈ ನೋಡಬೇಕು. ಎಲೆಯನ್ನು ಮಡಚಿ ದಂಟನ್ನು ಸರ್ರನೆ ಎಳೆದು, ಉಳಿದ ಎರಡು ಹೋಳನ್ನು ಅಂಗೈಯಲ್ಲಿ ಒಮ್ಮೆ ಹಿಸುಕಿ, ಹರಿದು, ಮಜ್ಜಿಗೆಯ ಪಾತ್ರೆಗೆ. ಹಿಸುಕಿದಾಗ ಎಲೆಯೊಳಗಿನ ಎಣ್ಣೆಯ ಚೀಲ ಒಡೆಯುತ್ತದೆ. ಸಿಪ್ಪೆಯಲ್ಲಿರುವಂಥದ್ದೇ ಚೀಲಗಳು ಎಲೆಯಲ್ಲೂ ಇವೆ, ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಂತೆ ಕಾಣುತ್ತವೆ. ಬಡಿಸುವಾಗ ಲೋಟಕ್ಕೊಂದು ಇಡೀ ಎಳೆ ಎಲೆ ತೇಲಿಬಿಟ್ಟರೆ ಅಂಗಡಿಯಿಂದ ತಂದ ಯಾವ ಅಲಂಕಾರವೂ ಅದರ ಸಮಕ್ಕಿಲ್ಲ. ಕುಂಡದಲ್ಲಿ ಬೆಳೆಸಿದ ನಿಂಬೆಗಿಡ ಕಾಯಿ ಕೊಡದೆ ಸತಾಯಿಸುತ್ತಿದೆ ಎಂದು ದೂರುವ ಪೇಟೆಯವರು ಈ ಎಲೆಯ ಫಸಲನ್ನು ಲೆಕ್ಕಕ್ಕೆ ಹಿಡಿಯಬೇಕು.

ಒಣಗಿಸಿದ ಬಿಲ್ಲೆಗಳ ಹುಚ್ಚು ಈಗ ಜೋರಾಗಿದೆ. ಆನ್‌ಲೈನಿನಲ್ಲಿ ಸಣ್ಣ ಡಬ್ಬಿಗೆ ಅವರು ಹೇಳುವ ಬೆಲೆ ನೋಡಿದರೆ ನಗು ಬರುತ್ತದೆ, ಏಕೆಂದರೆ ಸಂಡಿಗೆ, ಬಾಳಕ ಒಣಗಿಸಲು ಬಲ್ಲ ಊರಿಗೆ ಇದು ಎಡಗೈ ಕೆಲಸ. ಕಿತ್ತಳೆ, ಮೋಸಂಬಿ, ಗಜನಿಂಬೆ ಯಾವುದಾದರೂ ಸರಿ, ನಾಲ್ಕೈದು ಮಿಲಿಮೀಟರ್ ದಪ್ಪದ ಬಿಲ್ಲೆಗಳು, ಎಲ್ಲವೂ ಒಂದೇ ದಪ್ಪ. ಬೀಜ ತೆಗೆದು, ಬಟ್ಟೆಯಲ್ಲಿ ಒತ್ತಿ ರಸ ಹೀರಿಸಿ, ಜರಡಿಯ ಮೇಲೆ ಹರಡಿ ತೆಳು ಬಟ್ಟೆ ಮುಚ್ಚಿ ಮಾರ್ಚಿಯ ಬಿಸಿಲಿಗಿಟ್ಟರೆ ಕೆಲವು ದಿನಗಳಲ್ಲಿ ಗರಿಗರಿ. ಸಂಜೆ ಒಳಗೆ ತರಬೇಕು, ಇಬ್ಬನಿ ಕುಡಿದರೆ ಬೂಷ್ಟು. ಮಳೆಗಾಲದಲ್ಲಾದರೆ ಓವನ್ನಿನ ಅತಿ ಕಡಿಮೆ ಶಾಖ, 80-90 ಡಿಗ್ರಿ, ನಡುವೆ ಮಗುಚುತ್ತ ಮೂರು ನಾಲ್ಕು ಗಂಟೆ. ಶಾಖ ಹೆಚ್ಚಿದರೆ ಸಕ್ಕರೆ ಕಂದಿ ಕಹಿಯಾಗುತ್ತದೆ. ಒಂದು ಸತ್ಯ ಹೇಳಿಬಿಡಬೇಕು: ಒಣಗಿದ ಬಿಲ್ಲೆಯಲ್ಲಿ ತಾಜಾ ಎಣ್ಣೆಯ ಘಮ ಉಳಿಯುವುದಿಲ್ಲ, ಅದು ಹಾರಿಹೋಗುವ ಜಾತಿ. ಉಳಿಯುವುದು ಬಣ್ಣ, ಮತ್ತು ಬಿಸಿನೀರು ಬಿದ್ದಾಗ ಬಿಡುವ ಒಂದು ಮಾಗಿದ ಹುಳಿ. ಅದಕ್ಕೇ ತಣ್ಣನೆ ಸೋಡಾಕ್ಕೆ ಅದನ್ನು ತೇಲಿಬಿಡುವುದು ಬರೀ ಫೋಟೋಕ್ಕೆ. ಕಪ್ಪು ಚಹಾಕ್ಕೆ ಹಾಕಿದರೆ ಸಾರ್ಥಕ. ಈ ಗುಟ್ಟು ಅರಬರಿಗೆ ಎಂದೋ ಗೊತ್ತು. ಒಮಾನ್ ಕಡೆ ಇಡೀ ನಿಂಬೆಯನ್ನು ಉಪ್ಪುನೀರಿನಲ್ಲಿ ಕುದಿಸಿ, ಒಳಗೆಲ್ಲ ಕಪ್ಪಾಗಿ ಟೊಳ್ಳಾಗುವವರೆಗೆ ಬಿಸಿಲಿಗೆ ಒಣಗಿಸುತ್ತಾರೆ. ಲೂಮಿ ಎನ್ನುತ್ತಾರೆ. ಗಲ್ಫಿನಲ್ಲಿ ದುಡಿಯುವ ನಮ್ಮ ಕರಾವಳಿಯವರ ಸೂಟ್‌ಕೇಸಿನಲ್ಲಿ ಖರ್ಜೂರದ ಜೊತೆ ಅದೂ ಊರಿಗೆ ಬರುವುದುಂಟು. ಒಂದನ್ನು ಒಡೆದು ಬೀಜ ಕೊಡವಿ, ಪುಡಿ ಮಾಡಿ ಮೊಸರಿನ ಮೇಲೆ ಉದುರಿಸಿದರೆ ಹೊಗೆಯಾಡಿದಂಥ ಹುಳಿ.

ಬಿಸಿಲಿಗೆ ಒಣಗಿಸುವವರು ಗಮನಿಸಬೇಕಾದ ಇನ್ನೊಂದು ಸಂಗತಿ. ನಿಂಬೆ ಸಿಪ್ಪೆಯಲ್ಲಿ ಬಿಸಿಲು ಬಿದ್ದಾಗ ಚರ್ಮವನ್ನು ಸುಡುವ ವಸ್ತುಗಳಿವೆ. ಹಣ್ಣು ಹೆಚ್ಚಿದ ಕೈಯಲ್ಲೇ ತಾರಸಿಗೆ ಹೋಗಿ ಬಿಸಿಲಿನಲ್ಲಿ ನಿಂತರೆ ಒಂದೆರಡು ದಿನದ ಮೇಲೆ ಕೈ ಕೆಂಪಾಗಿ ಬೊಬ್ಬೆ ಏಳಬಹುದು, ಆಮೇಲೆ ವಾರಗಟ್ಟಲೆ ಕಪ್ಪು ಕಲೆ. ಸೋಪು ಹಾಕಿ ಕೈ ತೊಳೆದು ಮೇಲೆ ಹತ್ತಿ.

ಸಕ್ಕರೆಯ ಸಿಪ್ಪೆಯ ಬಗ್ಗೆ ಚುಟುಕಾಗಿ. ಕಿತ್ತಳೆ ಸಿಪ್ಪೆಯನ್ನು ಕಡ್ಡಿಯಂತೆ ಹೆಚ್ಚಿ, ನೀರು ಬದಲಾಯಿಸುತ್ತ ಮೂರು ಸಲ ಕುದಿಸಿ ಬಸಿದರೆ ಕಹಿ ಇಳಿಯುತ್ತದೆ. ಸಮಸಮ ಸಕ್ಕರೆ, ನೀರಿನಲ್ಲಿ ಸಣ್ಣ ಉರಿಯಲ್ಲಿ ಸಿಪ್ಪೆ ಪಾರದರ್ಶಕವಾಗುವ ತನಕ ಬೇಯಿಸಿ, ಆರಿಸಿ, ಸಕ್ಕರೆಯಲ್ಲಿ ಹೊರಳಿಸುವುದು. ಉಳಿದ ಪಾಕವನ್ನು ಚೆಲ್ಲಬಾರದು, ಶರಬತ್ತಿಗೆ ಅದೇ ಅಮೃತ. ಆದರೆ ಕಿತ್ತಳೆ ಸಿಪ್ಪೆಯ ಕಹಿಯನ್ನು ಓಡಿಸುವುದಕ್ಕಿಂತ ಹುಣಸೆ, ಬೆಲ್ಲ, ಖಾರದ ಜೊತೆ ಕೂರಿಸಿ ಗೊಜ್ಜು ಮಾಡಿದ ನಮ್ಮವರದ್ದೇ ಜಾಣತನ ಎಂದು ನನ್ನ ಅಭಿಪ್ರಾಯ. ಆ ಗೊಜ್ಜಿನ ಒಂದು ಹನಿ ಮೊಸರನ್ನದ ನೆತ್ತಿಯ ಮೇಲೆ ಇಟ್ಟರೆ ಅದೂ ಗಾರ್ನಿಶ್ಶೇ, ಯಾರು ಬೇಡ ಎಂದವರು?

ಇಷ್ಟೆಲ್ಲ ಆದ ಮೇಲೆ ಫ್ರಿಜ್ಜಿನಲ್ಲಿ ಸಿಪ್ಪೆ ಕಳಕೊಂಡ ಬೋಳು ನಿಂಬೆಗಳು ಉಳಿಯುತ್ತವೆ. ಮನೆಯವರ ದೂರು ಶುರುವಾಗುವುದು ಇಲ್ಲಿಂದ. 2022ರ ಬೇಸಿಗೆಯಲ್ಲಿ ಒಂದು ಹಣ್ಣಿಗೆ ಹತ್ತು ರೂಪಾಯಿ ದಾಟಿದಾಗ ಈ ದೂರಿಗೆ ಬಲ ಬಂದಿತ್ತು. ಸಿಪ್ಪೆ ಹೋದ ಹಣ್ಣು ಬೇಗ ಕಲ್ಲಾಗುತ್ತದೆ. ಅದನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಮರುದಿನದೊಳಗೆ ಹಿಂಡಿಬಿಡಬೇಕು. ಹಿಂಡಿದ ರಸವನ್ನೂ ಬಹಳ ಹೊತ್ತು ಇಡುವಂತಿಲ್ಲ, ಕಹಿ ತಿರುಗುತ್ತದೆ. ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿದರೆ ತಿಳಿಸಾರಿಗೆ ಒಂದೊಂದೇ ಗಡ್ಡೆ ಬಿಡಲು ಬರುತ್ತದೆ. ಆ ಟ್ರೇಯನ್ನು ಮೀನಿನ ಡಬ್ಬಿಯ ಪಕ್ಕ ಇಡಬೇಡಿ.